ಅತಿಥಿ ಬಾರದ ರಾತ್ರಿ: ಹೋಂಸ್ಟೇ ಅಡ್ವಾನ್ಸ್ ಲೆಕ್ಕ ಹೀಗಿಡಿ

ಶನಿವಾರ ಸಂಜೆ. ಎಂಟು ಜನರ ಅಡುಗೆ ಒಲೆಯ ಮೇಲಿದೆ, ಬುಕ್ ಮಾಡಿದವರ ಫೋನ್ ಮಾತ್ರ ಸಿಗುತ್ತಿಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹೋಂಸ್ಟೇಗಳಲ್ಲಿ ಜಗಳ ಕಾಣಿಸಿಕೊಳ್ಳುವುದು ಈ ಹೊತ್ತಿಗೆ. ಆದರೆ ಅದರ ಬೇರು ಬುಕಿಂಗ್ ಆದ ದಿನದಲ್ಲೇ ಇರುತ್ತದೆ: ಹಣ ಮೊದಲು ಬಂತು, ಷರತ್ತು ಆಮೇಲೆ ಹೋಯಿತು, ಇಲ್ಲವೇ ಹೋಗಲೇ ಇಲ್ಲ.

1. ಮೊದಲು ಷರತ್ತು, ಆಮೇಲೆ ಕ್ಯೂಆರ್

ಕ್ಯೂಆರ್ ಕೋಡ್ ಕಳಿಸುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ಇಂಥದ್ದೊಂದು ಸಂದೇಶ ಹೋಗಲಿ:

"6 ಜನ, ತಲೆಗೆ ₹2,200, ಊಟ-ತಿಂಡಿ ಸೇರಿ. ಒಟ್ಟು ₹13,200, ಅಡ್ವಾನ್ಸ್ ₹6,600. ಚೆಕ್-ಇನ್ ಶನಿವಾರ ಮಧ್ಯಾಹ್ನ 1. ಅದರ ಹಿಂದಿನ ಶನಿವಾರ ಮಧ್ಯಾಹ್ನ 1ರೊಳಗೆ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಆಮೇಲೆ, ಬುಧವಾರ ಮಧ್ಯಾಹ್ನ 1ರವರೆಗೆ ಅರ್ಧ ವಾಪಸ್. ನಂತರ ವಾಪಸ್ ಇಲ್ಲ, ಒಂದು ಸಲ ದಿನಾಂಕ ಬದಲಿಸಬಹುದು. ರಾತ್ರಿ 10ರೊಳಗೆ ಬರದೆ, ಸುದ್ದಿಯನ್ನೂ ತಿಳಿಸದಿದ್ದರೆ ನೋ-ಶೋ. ಒಪ್ಪಿಗೆಯಿದ್ದರೆ 'ಒಪ್ಪಿಗೆ' ಎಂದು ಬರೆಯಿರಿ."

"ಮೂರು ದಿನ ಮೊದಲು" ಎಂದು ಬರೆಯಬೇಡಿ. ಬುಧವಾರ ರಾತ್ರಿ 11ಕ್ಕೆ ಕ್ಯಾನ್ಸಲ್ ಮಾಡಿದವರು ಬುಧ, ಗುರು, ಶುಕ್ರ ಎಂದು ಬೆರಳು ಮಡಚಿ ಮೂರು ದಿನ ತೋರಿಸುತ್ತಾರೆ. ವಾರ, ಗಂಟೆ ಎರಡನ್ನೂ ಬರೆದರೆ ಎಣಿಸುವ ಕೆಲಸವೇ ಇಲ್ಲ. ಇನ್ನು ಜಗಲಿಯಲ್ಲಿ "ಅಡ್ವಾನ್ಸ್ ಹಣ ವಾಪಸ್ ಕೊಡಲಾಗುವುದಿಲ್ಲ" ಎಂದು ಬೋರ್ಡ್ ತೂಗು ಹಾಕಿ ಪ್ರಯೋಜನವಿಲ್ಲ. ಅದನ್ನು ಓದಬೇಕಾದವರು ಜಗಲಿಗೆ ಬರುವುದೇ ಇಲ್ಲವಲ್ಲ.

2. ಅಡ್ವಾನ್ಸ್ ಎಷ್ಟು?

ಅರ್ಧ. ಹೊಸ ವರ್ಷ, ದಸರಾ, ಸಾಲು ರಜೆಗಳಿಗೆ ಪೂರ್ತಿ. ಐನೂರು ರೂಪಾಯಿ "ಟೋಕನ್" ತೆಗೆದುಕೊಳ್ಳುವುದನ್ನು ಬಿಟ್ಟುಬಿಡಿ; ಅಷ್ಟು ಕೊಟ್ಟವರು ಇನ್ನೂ ಎರಡು ಕಡೆ ಟೋಕನ್ ಕೊಟ್ಟು, ಕೊನೆಗೆ ವ್ಯೂ ಚೆನ್ನಾಗಿರುವ ಕಡೆ ಹೋಗುತ್ತಾರೆ.

ಹಣ ಬಂತೇ ಎಂಬುದನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ, ಅತಿಥಿ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಅಲ್ಲ. ಸೇನೆಯವರು ಎಂದು ಹೇಳಿಕೊಂಡು ಹತ್ತಿಪ್ಪತ್ತು ಜನರಿಗೆ ಕೋಣೆ ಕೇಳಿ, "ಅಡ್ವಾನ್ಸ್ ಬರಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ" ಎನ್ನುವ ವಂಚಕರ ಕರೆಗಳಿವೆ. ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. "ತಪ್ಪಿ ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹಾಕಿದೆ, ಉಳಿದದ್ದು ವಾಪಸ್ ಕಳಿಸಿ" ಎಂಬುದೂ ಅದೇ ಜಾತಿಯದು.

3. ಕ್ಯಾಲೆಂಡರ್ ಮುಚ್ಚಿ

ಹಣ ಬಂದ ತಕ್ಷಣ ಎಲ್ಲ ಬುಕಿಂಗ್ ಆ್ಯಪ್‌ಗಳಲ್ಲೂ ಆ ದಿನವನ್ನು ಕೈಯಾರೆ ಬ್ಲಾಕ್ ಮಾಡಿ. ಪುಕ್ಕಟೆ ಕ್ಯಾಲೆಂಡರ್ ಸಿಂಕ್ ನಂಬಬೇಡಿ, ಒಂದು ಕಡೆಯ ಬುಕಿಂಗ್ ಇನ್ನೊಂದು ಕಡೆ ಕಾಣಲು ಗಂಟೆಗಟ್ಟಲೆ ಹಿಡಿಯುತ್ತದೆ.

4. ಮಂಗಳವಾರದ ಸಂದೇಶ

ಶನಿವಾರದ ಅತಿಥಿಗೆ ಮಂಗಳವಾರ ಸಂಜೆ ಬರೆಯಿರಿ: "ಎಷ್ಟು ಜನ ಬರುತ್ತಿದ್ದೀರಿ? ನಾಳೆ ಮಧ್ಯಾಹ್ನ 1ರವರೆಗೆ ಬದಲಾವಣೆ ತಿಳಿಸಬಹುದು." ಬರದಿರುವವರು ಆಗಲೇ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸಿನ ಅರ್ಧವಾದರೂ ನಿಮ್ಮಲ್ಲಿ ಉಳಿಯುತ್ತದೆ, ಕೋಣೆಯೂ ಇನ್ನೊಬ್ಬರಿಗೆ ಹೋಗುತ್ತದೆ. ಗುಂಪಿನ ಇನ್ನೊಬ್ಬರ ಮೊಬೈಲ್ ನಂಬರನ್ನೂ ಇದೇ ಸಂದೇಶದಲ್ಲಿ ಕೇಳಿ ಇಟ್ಟುಕೊಳ್ಳಿ.

ತಲೆ ಲೆಕ್ಕದ ಹೋಂಸ್ಟೇಗಳಲ್ಲಿ ಪೂರ್ತಿ ನೋ-ಶೋಗಿಂತ ಹೆಚ್ಚಾಗಿ ಆಗುವುದು ಅರೆ ನೋ-ಶೋ. ಆರು ಜನರ ಬುಕಿಂಗ್, ಬಂದವರು ನಾಲ್ವರು. "ನಾಲ್ಕು ಜನರ ದುಡ್ಡು ₹8,800, ಅದರಲ್ಲಿ ₹6,600 ಕೊಟ್ಟಾಗಿದೆ, ಬಾಕಿ ₹2,200" ಎಂಬುದು ಅವರ ವಾದ. ಆರೂ ಜನರ ಪೂರ್ತಿ ಹಣ ಬೇಕೆಂಬುದು ಮಾಲೀಕರ ಹಟ. ಎರಡೂ ಬೇಡ. ಅಡ್ವಾನ್ಸ್ ತಲೆಗೆ ₹1,100ರಂತೆ ಬಂದಿದೆ. ಬಾರದ ಇಬ್ಬರ ₹2,200 ನಿಮಗೆ ಉಳಿಯಲಿ, ಬಂದ ನಾಲ್ವರಿಂದ ಬಾಕಿ ₹1,100ರಂತೆ ₹4,400 ತೆಗೆದುಕೊಳ್ಳಿ. ಈ ಲೆಕ್ಕವನ್ನು ಮಂಗಳವಾರದ ಸಂದೇಶದಲ್ಲೇ ಬರೆದರೆ ಅಂಗಳದಲ್ಲಿ ಚರ್ಚೆ ಬೇಕಾಗುವುದಿಲ್ಲ.

5. ಬಾರದ ರಾತ್ರಿ

ಎಲ್ಲರೂ ಎಡವುವುದು ಇಲ್ಲೇ. ಕೆಲವರು ಏಳು ಗಂಟೆಗೇ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ, ಒಂಬತ್ತಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಮೊದಲಿನ ಅತಿಥಿ ಬಂದಿಳಿಯುತ್ತಾರೆ. ಮಲೆನಾಡಿನಲ್ಲಿ ಫೋನ್ ಸಿಗದಿರುವುದಕ್ಕೂ ಬಾರದಿರುವುದಕ್ಕೂ ಸಂಬಂಧವಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ನೆಟ್‌ವರ್ಕ್ ತಪ್ಪುತ್ತದೆ, ಎಷ್ಟೋ ಎಸ್ಟೇಟ್ ರಸ್ತೆಗಳಲ್ಲಿ ಇರುವುದೇ ಇಲ್ಲ.

ಹಾಗಾಗಿ ಬೆಳಿಗ್ಗೆಯೇ ಲೊಕೇಶನ್ ಕಳಿಸಿ, ಕೊನೆಯದಾಗಿ ಸಿಗ್ನಲ್ ಸಿಗುವ ಊರಿನ ಹೆಸರು ಬರೆದು, "ಅಲ್ಲಿಂದ ಒಂದು ಕರೆ ಮಾಡಿ" ಎನ್ನಿ. ಮೂರು ಗಂಟೆಗೆ ಒಂದು ಕರೆ, ಆರಕ್ಕೆ ಎರಡೂ ನಂಬರ್‌ಗಳಿಗೆ ಕರೆ ಮತ್ತು ಸಂದೇಶ. ಇನ್ನು ವಾಟ್ಸ್‌ಆ್ಯಪ್ ಗುರುತು ನೋಡಿ. ಒಂದೇ ಟಿಕ್ ಇದ್ದರೆ ಸಂದೇಶ ತಲುಪಿಲ್ಲ, ದಾರಿಯಲ್ಲಿರಬಹುದು, ಕಾಯಿರಿ. ಎರಡು ಟಿಕ್ ಬಿದ್ದೂ ಕರೆ ಎತ್ತುತ್ತಿಲ್ಲವೆಂದರೆ ಅವರು ನೆಟ್‌ವರ್ಕ್ ಇರುವ ಕಡೆಯೇ ಇದ್ದಾರೆ; ಬಹುಪಾಲು ಬರುವುದಿಲ್ಲ.

ಎಂಟಕ್ಕೆ ಕೊನೆಯ ಸಂದೇಶ: "9ಕ್ಕೆ ಅಡುಗೆಮನೆ ಮುಚ್ಚುತ್ತದೆ. 10ರೊಳಗೆ ನಿಮ್ಮಿಂದ ಸುದ್ದಿ ಬರದಿದ್ದರೆ ಬುಕಿಂಗ್ ನೋ-ಶೋ ಆಗುತ್ತದೆ." ಬೈಗುಳದ ವಾಯ್ಸ್ ಮೆಸೇಜ್ ಬೇಡ, ನಾಳೆ ದೂರು ಹೋದರೆ ಆ ಧ್ವನಿ ಅವರ ಸಾಕ್ಷಿಯಾಗುತ್ತದೆ. ಹತ್ತು ದಾಟಿದ ಮೇಲೆ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ "ಬಂದಿಲ್ಲ" ಎಂದು ಸಮಯ ಸಹಿತ ಬರೆದು, ಕಾಲ್ ಲಾಗ್ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ಅದೇ ರಾತ್ರಿ ತೆಗೆದಿಡಿ. ತಿಂಗಳು ಕಳೆದು ಹುಡುಕಿದರೆ ಕಾಲ್ ಲಾಗ್ ಸಿಗದೇ ಹೋಗಬಹುದು.

ಪೂರ್ತಿ ಹಣ ಕೊಟ್ಟವರಾದರೆ ನೋ-ಶೋ ಮಾತೇ ಇಲ್ಲ, ಮರುದಿನ ಚೆಕ್-ಔಟ್‌ವರೆಗೆ ಕೋಣೆ ಅವರದ್ದೇ. ಎರಡು ರಾತ್ರಿಯ ಬುಕಿಂಗ್‌ನಲ್ಲಿ ಮೊದಲ ರಾತ್ರಿ ಬಾರದವರ ಎರಡನೇ ರಾತ್ರಿಯನ್ನೂ ಒಟ್ಟಿಗೇ ಅಳಿಸಬೇಡಿ. ಮರುದಿನ ಮಧ್ಯಾಹ್ನದವರೆಗೆ ಬರಹದಲ್ಲಿ ಕೇಳಿ, ಆಮೇಲೆ ಬಿಡಿ.

ಹತ್ತರ ನಂತರ ಬೇರೆಯವರು ಬಂದು ಅದೇ ಕೋಣೆ ಹೋದರೆ? ಅಡುಗೆ ಖರ್ಚು ಹಿಡಿದುಕೊಂಡು ಉಳಿದ ಅಡ್ವಾನ್ಸ್ ವಾಪಸ್ ಮಾಡಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಸಿಗುವುದು ನ್ಯಾಯವಾದ ಪರಿಹಾರ. ನಷ್ಟಕ್ಕೆ ತಾಳೆಯಾಗದ ದಂಡವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎನ್ನುತ್ತದೆ. ಬೆಂಗಳೂರಿನ ಅತಿಥಿ ತನ್ನ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು; ಓಡಾಟ ಮೂಡಿಗೆರೆಯ ಮಾಲೀಕರಿಗೆ.

6. ವಾಪಸ್ ಕೊಡುವಾಗ

ಘಾಟಿ ಮುಚ್ಚಿ ದಾರಿಯೇ ಇಲ್ಲದಾಗ, ಜಿಲ್ಲಾಧಿಕಾರಿ ಪ್ರವಾಸಿಗರನ್ನು ನಿರ್ಬಂಧಿಸಿದಾಗ, ಪೂರ್ತಿ ಹಣ ಇಲ್ಲವೇ ಬೇರೆ ದಿನಾಂಕ, ಆಯ್ಕೆ ಅತಿಥಿಯದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತವಾದಾಗಿನಂಥ ಸಂದರ್ಭದಲ್ಲಿ ಯಾವ ಷರತ್ತನ್ನೂ ಎತ್ತಿ ಹಿಡಿಯಬೇಡಿ. ಆದರೆ "ಮಳೆ ಜಾಸ್ತಿಯಂತೆ" ಎಂಬುದು ಕಾರಣವಲ್ಲ. ಮುಳ್ಳಯ್ಯನಗಿರಿಗೆ ವಾಹನದ ಆನ್‌ಲೈನ್ ನೋಂದಣಿ ಸಿಗಲಿಲ್ಲ ಎಂಬುದೂ ಅಲ್ಲ. ಚಿಕ್ಕಮಗಳೂರಿನವರು ಇದನ್ನು ಮೊದಲ ಸಂದೇಶದಲ್ಲೇ ಸೇರಿಸುವುದು ಒಳ್ಳೆಯದು.

ಹಣ ಬಂದ ಖಾತೆಗೇ ವಾಪಸ್ ಹೋಗಬೇಕು. ದುಡ್ಡು ಹಾಕಿದವರು ಒಬ್ಬರು, "ನನ್ನ ನಂಬರ್‌ಗೆ ಕಳಿಸಿ" ಎನ್ನುವವರು ಇನ್ನೊಬ್ಬರು. ನಂತರ ಇಬ್ಬರೂ ಕೇಳುತ್ತಾರೆ. ಮೂರು ದಿನದೊಳಗೆ ಕಳಿಸಿ, ಯುಟಿಆರ್ ನಂಬರ್ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಅವರಿಗೆ ತಿಳಿಸಿ.

ಜಿಎಸ್‌ಟಿ ನೋಂದಣಿ ಇರುವವರು (ವರ್ಷದ ವಹಿವಾಟು 20 ಲಕ್ಷ ದಾಟಿದರೆ ಕಡ್ಡಾಯ) ಅಡ್ವಾನ್ಸ್‌ಗೆ ರಸೀದಿ ವೋಚರ್, ವಾಪಸ್‌ಗೆ ರೀಫಂಡ್ ವೋಚರ್ ಬರೆಯಬೇಕು. ಮುಟ್ಟುಗೋಲು ಹಾಕಿಕೊಂಡ ಅಡ್ವಾನ್ಸ್‌ಗೆ ತೆರಿಗೆಯಿಲ್ಲ ಎಂಬುದು ತಪ್ಪು. ಕೋಣೆಗೆ ಯಾವ ದರವೋ ಅದಕ್ಕೂ ಅದೇ ಎಂದು 2022ರ ಆಗಸ್ಟ್‌ನಲ್ಲೇ ಸ್ಪಷ್ಟನೆ ಬಂದಿದೆ. ದಿನಕ್ಕೆ ₹7,500ರವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18.

ಆ್ಯಪ್ ಮೂಲಕ ಬುಕ್ ಮಾಡಿದವರು ಫೋನ್ ಮಾಡಿ, "ಸರ್, ನಿಮ್ಮ ಕಡೆಯಿಂದ ಕ್ಯಾನ್ಸಲ್ ಮಾಡಿಬಿಡಿ, ನನಗೆ ಪೂರ್ತಿ ಬರುತ್ತೆ" ಎಂದು ನಯವಾಗಿ ಕೇಳಿದರೆ ಮಾಡಬೇಡಿ. ಮಾಲೀಕರೇ ಕ್ಯಾನ್ಸಲ್ ಮಾಡಿದರೆ ದಂಡ ನಿಮಗೆ, ಪಟ್ಟಿಯಲ್ಲಿ ಕೆಳಗಿಳಿಯುವುದೂ ನೀವೇ. ಅವರೇ ಕ್ಯಾನ್ಸಲ್ ಮಾಡಲಿ. ಆಮೇಲೆ ಬಿಟ್ಟುಕೊಡಬೇಕೆನಿಸಿದರೆ ಆ್ಯಪ್‌ನಲ್ಲೇ ಶುಲ್ಕ ಮನ್ನಾ ಮಾಡಿ. ಯಾರೂ ಬಾರದಿದ್ದಾಗ ಆ್ಯಪ್‌ನಲ್ಲಿ "ನೋ-ಶೋ" ಎಂದು ಗುರುತು ಹಾಕಲು ಮರೆಯಬೇಡಿ. ಅದಕ್ಕೆ ಗಡುವಿರುತ್ತದೆ. ಗಡುವು ದಾಟಿದರೆ ಬಾರದ ಅತಿಥಿಯ ಕಮಿಷನ್ ಕೂಡ ತಿಂಗಳ ಬಿಲ್ಲಿಗೆ ಸೇರಬಹುದು.