ನೂರು ಯೆನ್ ಅಂಗಡಿ: ಪೊಟ್ಟಣ ತಿರುಗಿಸಿ ನೋಡದೆ ಬುಟ್ಟಿಗೆ ಹಾಕಬೇಡಿ

ಊರಿನಿಂದ ಜಪಾನಿಗೆ ಬಂದ ನೆಂಟರನ್ನು ನೂರು ಯೆನ್ ಅಂಗಡಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ನೋಡುವುದು ಇಷ್ಟೇ: ಹತ್ತು ನಿಮಿಷದಲ್ಲಿ ಬುಟ್ಟಿ ತುಂಬುತ್ತದೆ, ಗಲ್ಲಾದ ಮುಂದೆ ಮುಖ ಬಾಡುತ್ತದೆ. ಕಳೆದ ಸಲ ನಮ್ಮ ಅತ್ತಿಗೆ 31 ವಸ್ತುಗಳನ್ನು ಎಣಿಸಿಕೊಂಡು 3,100 ಯೆನ್ ಹಿಡಿದು ನಿಂತಿದ್ದರು. ಬಿಲ್ಲು 4,950 ಯೆನ್ ಬಂತು. ಅಂಗಡಿಯವರ ತಪ್ಪೇನೂ ಇರಲಿಲ್ಲ.

ಮೊದಲು ಅಂಗಡಿಯ ಆಯ್ಕೆ. ಅಲ್ಲಿನವರು ‘ಹ್ಯಾಕ್ಕಿನ್’ ಎಂದು ಕರೆಯುವ ಈ ಅಂಗಡಿಗಳಲ್ಲಿ ಡೈಸೊ, ಸೆರಿಯಾ, ಕ್ಯಾನ್‌ಡೂ, ವಾಟ್ಸ್ ಎಂಬ ನಾಲ್ಕು ಹೆಸರುಗಳು ದೊಡ್ಡವು. ಡೈಸೊದಲ್ಲಿ ಸರಕು ಹೆಚ್ಚು, ಆದರೆ 200, 300, 500 ಯೆನ್‌ಗಳ ವಸ್ತುಗಳೂ ಅದೇ ಕಪಾಟಿನಲ್ಲಿ ಬೆರೆತಿರುತ್ತವೆ. ಸೆರಿಯಾ ನೂರರ ಗೆರೆಯನ್ನು ದಾಟುವುದಿಲ್ಲ; ಮೊದಲ ಸಲ ಹೋಗುವವರು ಅಲ್ಲಿಗೇ ಹೋಗಬೇಕೆಂಬುದು ನನ್ನ ಹಟ. (ನಮ್ಮ ಮಾಲ್‌ಗಳಲ್ಲಿ ಕಾಣುವ ಮಿನಿಸೊ ಈ ಬಳಗದ್ದಲ್ಲ, ಅದು 2013ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಹುಟ್ಟಿದ್ದು.)

ಎರಡನೆಯದು ಬೆಲೆ. ನೂರು ಯೆನ್ ವಸ್ತುವಿನ ಮೇಲೆ ಸಾಮಾನ್ಯವಾಗಿ ಬೆಲೆಯೇ ಇರುವುದಿಲ್ಲ. ಪೊಟ್ಟಣದ ಮೇಲೆ ಅಂಕಿ ಅಚ್ಚಾಗಿದ್ದರೆ ಅದು ನೂರಕ್ಕಿಂತ ಹೆಚ್ಚಿನದು ಎಂದು ತಿಳಿಯಬೇಕು. ಅದರ ಮೇಲೆ ತೆರಿಗೆ: 2019ರ ಅಕ್ಟೋಬರಿನಿಂದ ಶೇ 10, ತಿನ್ನುವ ಪದಾರ್ಥಗಳಿಗೆ ಶೇ 8. ಹಾಗಾಗಿ ಚಮಚಕ್ಕೆ 110 ಯೆನ್, ಬಿಸ್ಕತ್ತಿಗೆ 108. ಅತ್ತಿಗೆಯ ಬುಟ್ಟಿಯಲ್ಲಿ 500ರ ಎರಡು, 300ರ ಮೂರು ವಸ್ತುಗಳಿದ್ದವು. ಉಳಿದ 26 ನೂರರವು. ಒಟ್ಟು 4,500, ತೆರಿಗೆ 450.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಪೊಟ್ಟಣದ ಬೆನ್ನು ಓದುವಲ್ಲಿ. ಭಾಷೆ ಬಾರದಿದ್ದರೂ ಅಂಕಿಗಳನ್ನು ಓದಬಹುದು. ಪ್ಲಾಸ್ಟಿಕ್ ಡಬ್ಬಿಯ ಹಿಂದೆ ಡಿಗ್ರಿ ಗುರುತಿನ ಎರಡು ಸಂಖ್ಯೆಗಳಿದ್ದರೆ ಒಂದು ಡಬ್ಬಿ ತಾಳುವ ಶಾಖದ ಮಿತಿ, ಇನ್ನೊಂದು ಮುಚ್ಚಳದ್ದು; ಮುಚ್ಚಳದ್ದು ಹಲವು ಸಲ ಬಹಳ ಕಡಿಮೆ ಇರುತ್ತದೆ. ಇದನ್ನು ನೋಡದೆ ಕುದಿಯುವ ಸಾರು ಹಾಕಿ, ಮುಚ್ಚಿ, ಮೈಕ್ರೊವೇವ್‌ಗೆ ಇಟ್ಟ ನನ್ನ ಮುಚ್ಚಳವೊಂದು ಹಪ್ಪಳದಂತೆ ಸೊಟ್ಟಗಾಗಿ, ಇಂದಿಗೂ ಡಬ್ಬಿಗೆ ಕೂರುವುದಿಲ್ಲ. ಅಂಟಿಸುವ ಕೊಕ್ಕೆಗಳ ಹಿಂದೆ ಎಷ್ಟು ಕಿಲೊ ತಾಳುತ್ತದೆ ಎಂಬುದು ಇರುತ್ತದೆ, ಆದರೆ ಆ ಲೆಕ್ಕ ಗಾಜು ಮತ್ತು ನುಣುಪಾದ ಟೈಲ್ಸ್‌ಗೆ. ಡಿಸ್ಟೆಂಪರ್ ಬಳಿದ ನಮ್ಮ ಗೋಡೆಗೆ ಅಂಟಿಸಿದರೆ ಬಣ್ಣದ ಸಮೇತ ಕೈಗೆ ಬರುತ್ತದೆ. ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ಯಾವ ವಸ್ತುವನ್ನೂ ಊರಿಗೆ ಕೊಂಡೊಯ್ಯಬೇಡಿ. ಜಪಾನಿನ ಮನೆಗಳಲ್ಲಿ ವಿದ್ಯುತ್ತು 100 ವೋಲ್ಟ್, ನಮ್ಮಲ್ಲಿ 230. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲವಾದ್ದರಿಂದ ಮುದ್ದಾದ ರಾತ್ರಿದೀಪ ಮೊದಲ ದಿನವೇ ಸುಟ್ಟುಹೋಗಬಹುದು. ಬ್ಯಾಟರಿ ಅಥವಾ ಯುಎಸ್‌ಬಿಯಿಂದ ನಡೆಯುವುದಾದರೆ ಚಿಂತೆಯಿಲ್ಲ.

ಸಸ್ಯಾಹಾರಿಗಳು ತಿಂಡಿಯ ಪೊಟ್ಟಣವನ್ನು ಇನ್ನೂ ನಿಧಾನವಾಗಿ ನೋಡಬೇಕು. ಸೀಗಡಿ, ಏಡಿ, ಮೊಟ್ಟೆ, ಹಾಲುಗಳನ್ನು ಅಲರ್ಜಿಯ ಕಾರಣಕ್ಕೆ ಕಡ್ಡಾಯವಾಗಿ ನಮೂದಿಸುತ್ತಾರೆ. ಆ ಕಡ್ಡಾಯದ ಪಟ್ಟಿಯಲ್ಲಿ ಮೀನು ಇಲ್ಲ. ಅಲರ್ಜಿಯ ಚೌಕವೊಂದನ್ನೇ ನಂಬಿ ತಿಂದ ಅಕ್ಕಿಯ ಗರಿಗರಿ ಬಿಲ್ಲೆಯಲ್ಲಿ ಕತ್ಸುಒ ಎಂಬ ಮೀನಿನ ಸಾರ ಇರಬಹುದು. ಫೋನಿನ ಕ್ಯಾಮೆರಾ ಅನುವಾದವನ್ನು ಸಾಮಗ್ರಿಗಳ ಪೂರ್ತಿ ಪಟ್ಟಿಯ ಮೇಲೆ ಹಿಡಿದು, ಕತ್ಸುಒ, ಜೆಲಟಿನ್ (ಪ್ರಾಣಿಗಳಿಂದ ತೆಗೆದ ಅಂಟು) ಎರಡನ್ನೂ ಹುಡುಕಿ.

ಏನು ಕೊಳ್ಳಬೇಕು? ವಾಷಿಂಗ್ ಮೆಷಿನ್‌ನಲ್ಲಿ ನಯವಾದ ಬಟ್ಟೆ ಹಾಕುವ ಜಾಲರಿ ಚೀಲ, ಸಿಂಕಿನ ತೂತಿಗೆ ಹಾಕುವ ತೆಳು ಬಲೆ, ಬಣ್ಣದ ಕಾಗದದ ಟೇಪು, ಚಾಪ್‌ಸ್ಟಿಕ್ಸ್, ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ: ಇವುಗಳಲ್ಲಿ ನಾನು ಎಂದೂ ಮೋಸಹೋಗಿಲ್ಲ. ಪಿಂಗಾಣಿ ಬಟ್ಟಲನ್ನು ಮೇಜಿನ ಮೇಲೆ ಬೋರಲಿಟ್ಟು ಅಲುಗಾಡುತ್ತದೆಯೇ ನೋಡಿ, ಅಂಚಿನ ಸುತ್ತ ಬೆರಳಾಡಿಸಿ, ಆಮೇಲೆ ಕೊಳ್ಳಿ. ಬಿಳಿಯ ಮೆಲಮೈನ್ ಸ್ಪಂಜು ಟೀ ಕಲೆಗೆ ಅದ್ಭುತ, ಆದರೆ ಅದು ಉಜ್ಜುವ ಕಾಗದದ ಹಾಗೆ ಕೆಲಸ ಮಾಡುವುದರಿಂದ ನಾನ್‌ಸ್ಟಿಕ್ ಬಾಣಲೆಗೆ ಮುಟ್ಟಿಸಬಾರದು. ಅಡುಗೆಮನೆಯ ಚಾಕು ಬೇಡವೇ ಬೇಡ. ಒಂದು ಕುಂಬಳಕಾಯಿಯ ಹೊತ್ತಿಗೆ ಮೊಂಡಾಯಿತು ನನ್ನದು. ಫಾಯಿಲ್, ಟಿಶ್ಯೂಗಳಂಥ ದಿನಬಳಕೆಯ ವಸ್ತುಗಳಲ್ಲಿ ಮೀಟರು, ಹಾಳೆಗಳ ಎಣಿಕೆ ಹೋಲಿಸಿ: ಬೆಲೆ ನೂರೇ ಇರಲೆಂದು ಅಳತೆಯನ್ನು ಇಳಿಸಿರುವುದುಂಟು, ಪಕ್ಕದ ಸೂಪರ್ ಮಾರ್ಕೆಟ್ಟೇ ಅಗ್ಗವಾಗುವುದೂ ಉಂಟು.

ಹಣ ಕೊಡುವುದು ಸುಲಭ: ಯಂತ್ರದ ಮುಂದೆ ನಿಂತು ಒಂದೊಂದನ್ನೇ ಸ್ಕ್ಯಾನ್ ಮಾಡಿ. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು, ಹಾಗಾಗಿ ಕೈಚೀಲ ಒಯ್ಯಿರಿ. ಪಿಂಗಾಣಿಯನ್ನು ನೀವೇ ಸುತ್ತಿಕೊಳ್ಳಬೇಕು. ಕತ್ತರಿ ಕೊಂಡಿದ್ದರೆ ಅದನ್ನು ವಿಮಾನದ ಕೈಚೀಲದಲ್ಲಿ ಇಡದೆ ದೊಡ್ಡ ಸೂಟ್‌ಕೇಸಿಗೆ ಹಾಕಿ.