ಸಭೆಯ ಸೇವೆಗೆ ಇಳಿಯೋರಿಗೆ ಕಂಡಕ್ಟರ್ ಅಂಕಲ್ ಹೇಳೋದು

ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು. ರಿಟೈರ್ ಆದಮೇಲೆ ಪೀಣ್ಯ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ, ಅಂದ್ರೆ ಚರ್ಚ್‌ನಲ್ಲಿ, ಕಾಣಿಕೆ ಲೆಕ್ಕ ನೋಡಿಕೊಳ್ಳುತ್ತೇನೆ. ಸೇವೆಗೆ ಬರಬೇಕು ಅಂತಿರುವ ಹುಡುಗರು, "ಅಂಕಲ್, ನನ್ನ ಉದ್ದೇಶ ಶುದ್ಧವಾಗಿದೆಯಾ ಇಲ್ವಾ ಅಂತ ಹೇಗೆ ಗೊತ್ತಾಗೋದು?" ಅಂತ ಕೇಳುತ್ತಾರೆ. ಕಣ್ಣು ಮುಚ್ಚಿ ಕೂತು ಹುಡುಕಿದರೆ ಗೊತ್ತಾಗಲ್ಲ. ಮನಸ್ಸು ನಮ್ಮದೇ ಅಲ್ವಾ, ನಮ್ಮ ಪರವೇ ಸಾಕ್ಷಿ ಹೇಳುತ್ತದೆ. ಅದರ ಬದಲು, ಕೆಟ್ಟ ಆಸೆ ಬಂದರೂ ಅದಕ್ಕೆ ಏನೂ ಗಿಟ್ಟದ ಹಾಗೆ ಕೆಲಸವನ್ನೇ ಜೋಡಿಸಿಕೊಳ್ಳಿ.

ದುಡ್ಡಿಂದ ಶುರು ಮಾಡಿ. ಕಂಡಕ್ಟರ್ ಡ್ಯೂಟಿ ಹತ್ತುವ ಮುಂಚೆ ತನ್ನ ಸ್ವಂತ ದುಡ್ಡು ಎಷ್ಟಿದೆ ಅಂತ ಬರೆಯಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಎಲ್ಲ ತಾಳೆಯಾಗಬೇಕು. ಇದರಲ್ಲಿ ಅವಮಾನ ಏನಿಲ್ಲ, ಪ್ರಾಮಾಣಿಕನಿಗೇ ಇದರಿಂದ ರಕ್ಷಣೆ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಹೀಗೇ ಮಾಡಿದ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣದ ವಿಷಯದಲ್ಲಿ, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ ಹೇಳುತ್ತಾನೆ. ಬೈಬಲ್‌ನಲ್ಲಿ 2 ಕೊರಿಂಥ 8ನೇ ಅಧ್ಯಾಯ ತೆಗೆದು ನೋಡಿ.

ನಮ್ಮಲ್ಲಿ ಆರಾಧನೆ ಮುಗಿದ ಕೂಡಲೇ, ಅದೇ ಹಾಲ್‌ನಲ್ಲಿ, ಸಂಬಂಧಿಕರಲ್ಲದ ಇಬ್ಬರು ಎಣಿಸುತ್ತೇವೆ. ಐನೂರರ ನೋಟು, ನೂರರ ನೋಟು, ಚಿಲ್ಲರೆ ಎಲ್ಲ ಬೇರೆ ಬೇರೆ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಪಾಸ್ಟರ್ ಎಣಿಸೋಕೆ ಕೂರಲ್ಲ. ಯಾರು ಎಷ್ಟು ಹಾಕಿದರು ಅಂತ ಅವರಿಗೆ ಗೊತ್ತಾಗಲೇಬಾರದು. ಗೊತ್ತಾದರೆ ಜಾಸ್ತಿ ಹಾಕಿದವರ ಮನೆ ಕಡೆಗೇ ಕಾಲು ಎಳೆಯುತ್ತದೆ. ಗೋಡೆ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಯದೇ ಇರಲಿ, ಪಾಸ್ಟರ್ ಫೋನ್ ನಂಬರಿನದು ಬೇಡ. ವಿದೇಶಿಯರು ಯಾರಾದರೂ ಸೇವೆಗೆ ದುಡ್ಡು ಕಳಿಸುತ್ತೇವೆ ಅಂದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬೇಡಿ. 2020ರ ತಿದ್ದುಪಡಿ ಆದಮೇಲೆ ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿನ ಖಾತೆಗೇ ಬರಬೇಕು. "ಸದ್ಯಕ್ಕೆ ನನ್ನ ಖಾತೆಗೆ ಹಾಕಿ ಬ್ರದರ್" ಅನ್ನೋರಿಂದ ದೂರ ಇರಿ.

ಆಮೇಲೆ ಹೆಸರಿನ ಆಸೆ. ಇದು ದುಡ್ಡಿಗಿಂತ ಕಷ್ಟ, ಯಾಕಂದ್ರೆ ಇದಕ್ಕೆ ರಸೀದಿ ಇಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕಲಬುರಗಿ ಕಡೆಯಿಂದಲೂ ಜನ ಬರುತ್ತಾರೆ. ರೋಗಿಯ ಕಡೆಯವರು ಹೊರಗೆ ಟವೆಲ್ ಹಾಸಿಕೊಂಡು ಕೂತಿರುತ್ತಾರೆ. ಅವರಿಗೆ ಊಟ ತಗೊಂಡು ಹೋಗ್ತೀರಾ, ಹೋಗಿ. ಫೋನ್ ಮಾತ್ರ ಜೇಬಲ್ಲೇ ಇರಲಿ. ಕೀಮೋಗೆ ಕೂದಲು ಉದುರಿದ ಹೆಂಗಸಿನ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಯಾರಿಗೆ ಬೇಕು? ಫೋಟೋ ಇಲ್ಲದೆ ಮುಂದಿನ ವಾರವೂ ಹೋಗಬೇಕು ಅನ್ನಿಸುತ್ತಾ ನೋಡಿಕೊಳ್ಳಿ. ಅನ್ನಿಸದಿದ್ದರೂ ಹೋಗಿ. ಅವರ ಹಸಿವಿಗೆ ನಿಮ್ಮ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಪ್ರಾರ್ಥನೆ ಅವರು ಕೇಳಿದರೆ ಮಾಡಿ. ಅನ್ನದ ಪೊಟ್ಟಣದ ಜೊತೆ ಕರಪತ್ರ ಇಡಬೇಡಿ. ಊಟ ಕೊಟ್ಟ ಕೈಯಲ್ಲೇ ಸಭೆಗೆ ಕರೆದರೆ, ಪಾಪ, ಇಲ್ಲ ಅನ್ನೋಕೆ ಅವರಿಗೆ ಆಗುತ್ತಾ?

ಹೊಟ್ಟೆಕಿಚ್ಚಿನ ಮಾತೂ ಇದೆ. ಪಕ್ಕದ ರಸ್ತೆಯಲ್ಲಿ ಹೊಸ ಸಭೆ ಶುರುವಾಗಿ ನಮ್ಮ ಹುಡುಗರು ಅಲ್ಲಿಗೆ ಹೋದರೆ ಉರಿಯುತ್ತೆ, ಅಲ್ವಾ? ಅವರ ಉಪದೇಶ ಸರಿಯಿಲ್ಲ ಅನ್ನೋದು ನಮಗೆ ಆಗಲೇ ಹೊಳೆಯುತ್ತದೆ! ಪೌಲ ಸೆರೆಯಲ್ಲಿದ್ದಾಗ ಕೆಲವರು ಹೊಟ್ಟೆಕಿಚ್ಚಿಗೇ ಕ್ರಿಸ್ತನನ್ನು ಸಾರಿದರಂತೆ. ಹೇಗೋ ಕ್ರಿಸ್ತನನ್ನೇ ಸಾರುತ್ತಿದ್ದಾರಲ್ಲ ಅಂತ ಅವನು ಸಂತೋಷಪಟ್ಟ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅದಕ್ಕೇ ಒಂದು ರೂಲ್ ಇಟ್ಟುಕೊಂಡಿದ್ದೇನೆ. ಬೇರೆ ಸಭೆ ಬಗ್ಗೆ ಆಡುವ ಮಾತನ್ನು ಅವರ ಪಾಸ್ಟರ್ ಮುಂದೆ ಆಡೋಕೆ ಆಗಲ್ಲ ಅಂದರೆ ಬಾಯಿ ಮುಚ್ಚಿಕೊಂಡಿರೋದು. ಕ್ರಿಸ್‌ಮಸ್‌ಗೆ ಅವರಿಗೆ ಕುರ್ಚಿ ಕಮ್ಮಿ ಬಿದ್ದರೆ ನಮ್ಮ ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಬರೋದು. ಕುರ್ಚಿ ಬೆನ್ನಿಗೆ ಸಭೆ ಹೆಸರು ಬರೆಸಿಟ್ಟಿರಿ, ವಾಪಸ್ ಬರುತ್ತವೆ.