ಒಂದು ಸಿಲಿಂಡರ್ ಮಿಸ್‌ಫೈರ್ ಆದಾಗ ದೋಷ ಹುಡುಕುವ ಕ್ರಮ

ಪೆಟ್ರೋಲ್ ಕಾರಿನ ಎಂಜಿನ್ ನಿಂತಲ್ಲೇ ನಡುಗುತ್ತ, ಏರಿನಲ್ಲಿ ಎಳೆತ ಕಳೆದುಕೊಂಡು, ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಅದು ಬಹುತೇಕ ಮಿಸ್‌ಫೈರ್, ಅಂದರೆ ಸಿಲಿಂಡರ್‌ನೊಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಆ ಸ್ಥಿತಿಯಲ್ಲಿ ಕಾರನ್ನು ಓಡಿಸಬಾರದು. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಲುಪಿ, ಅಲ್ಲಿ ಹೊತ್ತಿಕೊಂಡು, ಆ ದುಬಾರಿ ಭಾಗವನ್ನೇ ಹಾಳುಮಾಡಬಲ್ಲದು.

ಮೊದಲು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ತೋರಿಸುವ ಸಾಧನ) ಜೋಡಿಸಿ ಕೋಡ್ ಓದಬೇಕು. ಉದಾಹರಣೆಗೆ, ಪಿ0302 ಎಂದರೆ ಎರಡನೆಯ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಕೋಡ್ ದೋಷದ ಜಾಗವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಅದನ್ನು ನೋಡಿದೊಡನೆ ಹೊಸ ಬಿಡಿಭಾಗ ಕೊಳ್ಳುವುದು ಪರೀಕ್ಷೆಯಲ್ಲ, ಬರೀ ಊಹೆ.

ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಒದಗಿಸುವ ಭಾಗ) ಇದ್ದರೆ, ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರ್‌ಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಚಾಲೂ ಮಾಡಬೇಕು. ಈಗ ಪಿ0303 ಬಂದರೆ, ಅಂದರೆ ದೋಷ ಕಾಯಿಲ್ ಜೊತೆ ಮೂರನೆಯ ಸಿಲಿಂಡರ್‌ಗೆ ಹೋದರೆ, ಕಾಯಿಲ್ ಕೆಟ್ಟಿದೆ. ಪಿ0302 ಹಾಗೆಯೇ ಉಳಿದರೆ ಸ್ಪಾರ್ಕ್ ಪ್ಲಗ್‌ಗಳನ್ನೂ ಹೀಗೆಯೇ ಅದಲುಬದಲು ಮಾಡಿ ನೋಡಬೇಕು. ಬಳಿಕ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮತ್ತು ಅದರ ವೈರಿಂಗ್ ಪರೀಕ್ಷಿಸಬೇಕು.

ಎಲ್ಲವೂ ಸರಿಯಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರ್‌ನೊಳಗೆ ಉಂಟುಮಾಡುವ ಒತ್ತಡ, ಅಳೆಯುವುದು ಅನಿವಾರ್ಯ. ಒತ್ತಡ ಕಡಿಮೆಯಿದ್ದು, ಪ್ಲಗ್ ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಅಳೆದಾಗ ಏರಿದರೆ ಪಿಸ್ಟನ್ ರಿಂಗ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲ್) ಕಡೆ ನೋಡಬೇಕು.